ದೊಡ್ಡ ಹಬ್ಬಕ್ಕೆ ಬಾರದ ಮಗಳು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟ ಇದೆ. 24 ವರ್ಷದ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಚಿಕ್ಕವಳಿದ್ದಾಗ ಮಾತು ಕಲಿಸುತ್ತಿದ್ದವರು ‘ಕೈಸನ್ನೆ ಮಾಡಲು ಬಿಡಬೇಡಿ, ಆಮೇಲೆ ಮಾತೇ ಬರಲ್ಲ’ ಎಂದಿದ್ದರು. ಹಾಗೇ ಬೆಳೆಸಿದೆ. ಕೈ ಎತ್ತಿದರೆ ‘ಕೈ ಕೆಳಗಿಡು’ ಅಂತ ಗದರುತ್ತಿದ್ದೆ. ತುಟಿ ನೋಡಿ ನಮ್ಮ ಮಾತೆಲ್ಲ ತಿಳಿದುಕೊಳ್ಳುತ್ತಾಳೆ. ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿ ಅವಳಂಥದೇ ಗೆಳತಿಯರು, ಹೊತ್ತಿಡೀ ಕೈಯಲ್ಲೇ ಮಾತು. ಮನೆಗೆ ಬರುವುದು ಕಡಿಮೆಯಾಗಿದೆ. ಈ ಸಲ ದೀಪಾವಳಿಗೂ ಬರಲಿಲ್ಲ. ಕೇಳಿದರೆ, ‘ಮನೆ ಬಂದು ಏನು ಮಾಡು. ಎಲ್ಲ ಮಾತು, ನಗು. ನಾನು ಊಟ, ಮಲಗು’ ಅಂತ ವಾಟ್ಸಾಪ್ ಮಾಡಿದಳು. ಡಿಗ್ರಿ ಓದಿದರೂ ಕನ್ನಡ ಹೀಗೇ ಬರೆಯುತ್ತಾಳೆ. ಮೂಗರ ಸಹವಾಸ ಮಾಡಿ ಕೆಟ್ಟಳು ಅಂತ ನಮ್ಮ ಅತ್ತೆ ಹೇಳುತ್ತಾರೆ. ನಾವು ಅವಳಿಗೆ ಏನು ಕಡಿಮೆ ಮಾಡಿದ್ದೆವು?

ಉತ್ತರ: ಅಕ್ಕ, ಮಗಳ ಆ ಮೆಸೇಜನ್ನು ನಾಲ್ಕೈದು ಸಲ ಓದಿದೆ. ನಿಮಗೆ ಅದರಲ್ಲಿ ಸಿಟ್ಟು ಕಂಡಿದೆ. ನನಗೆ ಅದು ಪ್ರಶ್ನೆಯಾಗಿಯೇ ಕಂಡಿತು. ನಿಜವಾಗಿಯೂ, ಬಂದು ಏನು ಮಾಡಬೇಕು ಅವಳು?

ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ ಅಂತ ಬರೆದಿದ್ದೀರಿ. ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ನಿಂತು ದನಿ ತೆಗೆಯದೆ ‘ಮಳೆ’ ಅನ್ನಿ. ಹಾಗೇ ‘ಬಳೆ’ ಅನ್ನಿ. ಏನಾದರೂ ವ್ಯತ್ಯಾಸ ಕಂಡಿತಾ? ಪ, ಬ, ಮ ಮೂರಕ್ಕೂ ತುಟಿ ಕೂಡುವುದು ಒಂದೇ ಥರ. ಕ, ಗ ಹುಟ್ಟುವುದು ಗಂಟಲ ಹತ್ತಿರ, ಹೊರಗೆ ಕಾಣುವುದೇ ಇಲ್ಲ. ಅವಳು ಕಂಡಷ್ಟು ನೋಡುತ್ತಾಳೆ, ಉಳಿದದ್ದನ್ನು ಊಹಿಸುತ್ತಾಳೆ. ಹಗಲು ಬೆಳಕಲ್ಲಿ ನೀವೊಬ್ಬರೇ ಎದುರು ಕೂತು ನಿಧಾನಕ್ಕೆ ಮಾತಾಡಿದರೆ ಹೇಗೋ ನಡೆಯುತ್ತದೆ. ಹಬ್ಬದ ಮನೆಯಲ್ಲಿ ಹದಿನೈದು ಜನ. ಚಿಕ್ಕಪ್ಪನ ಬಾಯಲ್ಲಿ ಕವಳ, ಅದರ ಮೇಲೊಂದು ಮೀಸೆ. ಯಾರು ಮಾತಾಡುತ್ತಿದ್ದಾರೆ ಅಂತ ಹುಡುಕಿ ತಿರುಗುವಷ್ಟರಲ್ಲಿ ಮಾತು ಇನ್ನೊಬ್ಬರ ಬಾಯಿಗೆ ಹೋಗಿರುತ್ತದೆ.

ಅಡಿಕೆ ಸುಲಿಯುವ ರಾತ್ರಿ ನೆನಪು ಮಾಡಿಕೊಳ್ಳಿ. ಎಲ್ಲರ ಕಣ್ಣೂ ಮೆಟ್ಟುಗತ್ತಿ ಮೇಲೆ, ಎರಡೂ ಕೈ ಕೆಲಸದಲ್ಲಿ. ನಮಗೆ ಅದೇ ಹರಟೆಗೆ ಒಳ್ಳೆಯ ಹೊತ್ತು. ಊರಿನ ಮದುವೆ, ಜಗಳ, ಅಡಿಕೆ ರೇಟು ಎಲ್ಲ ಅಲ್ಲೇ ಬರುತ್ತವೆ. ಅವಳು ಕತ್ತಿಯಿಂದ ಕಣ್ಣೆತ್ತಿದರೆ ಬೆರಳು ಹೋಗುತ್ತದೆ, ಎತ್ತದಿದ್ದರೆ ಮಾತು ಹೋಗುತ್ತದೆ. ಇನ್ನು ಮಳೆಗಾಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ನಾವು ಜಗಲಿಯ ಕತ್ತಲಲ್ಲೇ ಕೂತು ಕಥೆ ಹೊಡೆಯುತ್ತೇವೆ. ಅವಳಿಗೆ ದೀಪ ಆರಿದ ಕೂಡಲೇ ಮಾತೂ ಮುಗಿಯಿತು. ನೆಟ್‌ವರ್ಕ್ ಇಲ್ಲದಿದ್ದರೆ ಗೆಳತಿಯರ ವಿಡಿಯೊ ಕಾಲ್ ಕೂಡ ಇಲ್ಲ. ಆಗ ಮಲಗದೆ ಇನ್ನೇನು ಮಾಡುತ್ತಾಳೆ ಹೇಳಿ.

ಎಲ್ಲರೂ ನಕ್ಕಾಗ ಅವಳು ನಿಮ್ಮ ತೋಳು ಮುಟ್ಟಿ ‘ಏನು?’ ಅಂತ ಕೇಳಿರುತ್ತಾಳೆ. ನೀವು ‘ಆಮೇಲೆ ಹೇಳ್ತೀನಿ’ ಅಂದಿರುತ್ತೀರಿ. ಇಲ್ಲಾ ‘ಏನಿಲ್ಲ ಬಿಡು, ಸುಮ್ನೆ’ ಅಂದಿರುತ್ತೀರಿ. ನಿಮ್ಮನ್ನು ಆಡಿಕೊಳ್ಳುತ್ತಿಲ್ಲ. ನನಗೆ ಪರಿಚಯ ಇರುವ ಕಿವುಡರೆಲ್ಲ ಮನೆಯವರ ಬಗ್ಗೆ ಹೇಳುವ ದೂರು ಇದೊಂದೇ. ಹೊಡೆದರು, ಬೈದರು ಅಂತ ಯಾರೂ ಹೇಳಿಲ್ಲ. ‘ಆಮೇಲೆ’ ಅಂದರು, ಆ ಆಮೇಲೆ ಬರಲೇ ಇಲ್ಲ ಅಂತಾರೆ.

ಅದು ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಶಿವಮೊಗ್ಗದ ಗಾಂಧಿ ಪಾರ್ಕಿನಲ್ಲಿ. ಒಂದು ಭಾನುವಾರ ಸಂಜೆ ಏಳೆಂಟು ಕಿವುಡ ಹುಡುಗ ಹುಡುಗಿಯರ ನಡುವೆ ಕೂತಿದ್ದೆ. ಕಿವಿ ಕೇಳುವವಳು ನಾನೊಬ್ಬಳೇ. ಕೈಗಳು ಹಾರಾಡುತ್ತಿದ್ದವು, ಹುಬ್ಬು ಏರಿಳಿಯುತ್ತಿದ್ದವು, ಒಬ್ಬಳು ಯಾರದೋ ನಡಿಗೆ ಅಣಕಿಸಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಸುಮ್ನೆ ನಕ್ಕೆ. ಏನು ಅಂತ ಪಕ್ಕದ ಹುಡುಗನ ಕಡೆ ಮುಖ ಮಾಡಿದೆ. ಅವನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ: ‘ಆಮೇಲೆ.’ ಬೇಕಂತಲೇ ಮಾಡಿದನೋ ಏನೋ. ಅರ್ಧ ಗಂಟೆಯಲ್ಲೇ ನನಗೆ ಮನೆಗೆ ಹೋದರೆ ಸಾಕು ಅನ್ನಿಸಿತ್ತು. ನಿಮ್ಮ ಮಗಳು ಇಪ್ಪತ್ತು ವರ್ಷ ಕೂತಿದ್ದಾಳೆ.

‘ಕೈ ಕೆಳಗಿಡು’ ಅಂದಿದ್ದನ್ನು ನೆನೆದು ಕೊರಗಬೇಡಿ. ಅದು ನೀವು ಹುಟ್ಟಿಸಿದ ಮಾತಲ್ಲ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಒಂದು ದೊಡ್ಡ ಸಭೆ ಆಯಿತು. ಸೇರಿದವರು ಹೆಚ್ಚುಕಡಿಮೆ ಎಲ್ಲ ಕಿವಿ ಕೇಳುವವರೇ. ಶಾಲೆಯಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಅಂತ ತೀರ್ಮಾನ ಮಾಡಿದರು. ಅದು ಎಷ್ಟೋ ದೇಶಗಳ ಶಾಲೆಗಳಿಗೆ ಹಬ್ಬಿತು. ಮಕ್ಕಳ ಕೈ ಮೇಲೆ ಏಟು ಬಿದ್ದವು. ಆ ನಂಬಿಕೆಯೇ ಸುತ್ತಿ ಸುತ್ತಿ ನಿಮ್ಮ ಅಡುಗೆಮನೆಗೂ ಬಂದಿದೆ. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಅದೇ ಸಾಲಿನ ಸಭೆ, ಆ ತೀರ್ಮಾನದಿಂದ ಅನ್ಯಾಯವಾಯಿತು ಅಂತ ವಿಷಾದ ಹೇಳಿತು. ನೂರ ಮೂವತ್ತು ವರ್ಷ ಬೇಕಾಯಿತು ಅಷ್ಟು ಹೇಳಲು. ನಿಮಗೆ ಸಲಹೆ ಕೊಟ್ಟವರೂ ಒಳ್ಳೆಯದಕ್ಕೇ ಕೊಟ್ಟಿರುತ್ತಾರೆ. ಆದರೆ ಸನ್ನೆ ಕಲಿತರೆ ಮಾತು ಬರುವುದಿಲ್ಲ ಅನ್ನುವುದು ಸರಿಯಲ್ಲ.

ಅವಳ ಕನ್ನಡದ ಬಗ್ಗೆ ಬೇಜಾರು ಮಾಡಿಕೊಂಡಿದ್ದೀರಿ. ನಾವು ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಲ್ಲ ಕಲಿತಿದ್ದು ತೊಟ್ಟಿಲಲ್ಲಿ ಕೇಳಿ ಕೇಳಿ. ಅವಳ ಕಿವಿಗೆ ಅವು ಬೀಳಲಿಲ್ಲ, ತುಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ. ಅವಳ ಸನ್ನೆಭಾಷೆಗೆ ಬೇರೆಯೇ ವ್ಯಾಕರಣ ಇದೆ. ‘ಎಲ್ಲಿ’, ‘ಏನು’ ಅನ್ನುವ ಪ್ರಶ್ನೆ ಅಲ್ಲಿ ವಾಕ್ಯದ ಕೊನೆಗೆ ಬರುತ್ತದೆ, ಜೊತೆಗೆ ಮುಖವೂ ಪ್ರಶ್ನೆ ಕೇಳುತ್ತದೆ. ಕನ್ನಡ ಅವಳಿಗೆ ಎರಡನೇ ಭಾಷೆ, ಅದೂ ಬರೀ ಕಣ್ಣಲ್ಲಿ ಕಲಿತದ್ದು. ಹಾಗೆ ನೋಡಿದರೆ ಆ ಮೂರು ಸಾಲು ಚೆನ್ನಾಗೇ ಬರೆದಿದ್ದಾಳೆ. ನಿಮಗೆ ನಾಟಿದೆಯಲ್ಲ.

ಅತ್ತೆಯವರಿಗೆ ಹೇಳಿ, ಮೊಮ್ಮಗಳು ಕೆಟ್ಟಿಲ್ಲ, ಅವಳಿಗೆ ಬಾಯಿ ಬಂದಿದೆ. ‘ಮೂಗರು’ ಅನ್ನುವುದನ್ನೂ ಬಿಡಲಿ. ಆ ಹುಡುಗಿಯರು ಬೆಳಗಿನಿಂದ ರಾತ್ರಿವರೆಗೆ ಮಾತಾಡುವವರು. (ಅತ್ತೆಯ ವಯಸ್ಸು ಬರೆದಿಲ್ಲ. ಎಪ್ಪತ್ತು ದಾಟಿದ್ದರೆ ಅವರಿಗೂ ‘ಆಂ, ಏನಂದೆ?’ ಶುರುವಾಗಿರಬಹುದು. ಅವರಿಗೆ ಮಾತ್ರ ಯಾರೂ ‘ಆಮೇಲೆ’ ಅನ್ನುವುದಿಲ್ಲ, ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಾರೆ, ಅಲ್ವಾ?)

ಸದ್ಯಕ್ಕೆ ‘ಮನೆಗೆ ಬಾ’ ಅನ್ನಬೇಡಿ. ನೀವೇ ಒಂದು ಭಾನುವಾರ ಬಸ್ ಹತ್ತಿ. ‘ನಿನ್ನ ಫ್ರೆಂಡ್ಸ್ ಜೊತೆ ಕೂರಬೇಕು’ ಅಂತ ಮೊದಲೇ ಮೆಸೇಜ್ ಮಾಡಿ. ಹೋದಮೇಲೆ ‘ಬಾಯಲ್ಲಿ ಹೇಳು’ ಅನ್ನಬೇಡಿ, ಸುಮ್ಮನೆ ನೋಡಿ. ನಿಮ್ಮ ಮನೆಯಲ್ಲಿ ಊಟ, ನೀರು, ಕರು, ಅಪ್ಪ ಬಂದರು ಅನ್ನುವಷ್ಟಕ್ಕೆ ಗದರಿಕೆಯ ನಡುವೆಯೂ ಒಂದಿಷ್ಟು ಸನ್ನೆ ಉಳಿದೇ ಇರುತ್ತವೆ. ಅಷ್ಟರಲ್ಲಿ ಊಟಕ್ಕೆ ಕರೆಯಬಹುದು. ಗುಟ್ಟು ಹೇಳಲು, ಜಗಳ ಆಡಲು, ನಾಳೆ ಮದುವೆ ಮಾತು ಬಂದರೆ ಅವಳ ಮನಸ್ಸು ತಿಳಿಯಲು ಸಾಲದು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ಸನ್ನೆ ನಿಘಂಟು ಮಾಡಿದೆ. ವಿಡಿಯೊಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಮಗಳ ಹತ್ತಿರವೇ ಕಲಿಯಿರಿ. ನಿಮ್ಮ ಬೆರಳು ತಪ್ಪಿದರೆ ಅವಳು ನಗಲಿ. ಎಷ್ಟು ವರ್ಷ ನೀವು ಅವಳ ಉಚ್ಚಾರ ತಿದ್ದಿದ್ದೀರಿ!

ಮನೆಯಲ್ಲೂ ಒಂದೆರಡು ಬದಲಾವಣೆ ಬೇಕು. ಜಗಲಿಗೊಂದು ಚಾರ್ಜ್ ಆಗುವ ಲೈಟ್ ಇರಲಿ, ಬೆಳಕು ಮಾತಾಡುವವರ ಮುಖದ ಮೇಲೆ ಬೀಳಲಿ. ಕರೆಯಬೇಕಾದರೆ ಹಿಂದಿನಿಂದ ಮೈ ಮುಟ್ಟಿ ಬೆಚ್ಚಿ ಬೀಳಿಸಬೇಡಿ, ಲೈಟ್ ಆಫ್-ಆನ್ ಮಾಡಿ. ಅಟ್ಟದ ಹಲಗೆ ಮೇಲಾದರೆ ಕಾಲು ತಟ್ಟಿದರೂ ಅವಳಿಗೆ ಗೊತ್ತಾಗುತ್ತದೆ. ಅವಳು ‘ಏನು’ ಅಂದರೆ ಸುಲಿಯುವ ಅಡಿಕೆ ಕೆಳಗಿಟ್ಟು ಆಗಲೇ ಹೇಳಿ, ಎಷ್ಟೇ ಚಿಲ್ಲರೆ ವಿಷಯ ಆಗಿರಲಿ. ಇಷ್ಟು ಮಾಡಿದರೂ ಮುಂದಿನ ಹಬ್ಬಕ್ಕೆ ಬಂದೇ ಬರುತ್ತಾಳೆ ಅಂತ ನಾನು ಮಾತು ಕೊಡಲಾರೆ.

ಹೋದಾಗ ಇನ್ನೊಂದು ಕೇಳಿ. ಕಿವುಡರು ತಮ್ಮವರಿಗೆಲ್ಲ ಒಂದೊಂದು ಸನ್ನೆ ಹೆಸರು ಇಡುತ್ತಾರೆ. ಕೆನ್ನೆಯ ಮಚ್ಚೆ, ಗುಂಗುರು ಕೂದಲು, ಯಾವುದೋ ಅಭ್ಯಾಸ, ಅದೇ ಹೆಸರು. ಪಾರ್ಕಿನ ಹುಡುಗರು ನನಗೆ ಇಟ್ಟಿದ್ದು ಕನ್ನಡಕ ಮೂಗಿನ ಮೇಲಕ್ಕೆ ತಳ್ಳುವ ಸನ್ನೆ. ದಿನಕ್ಕೆ ನೂರು ಸಲ ಹಾಗೆ ಮಾಡುತ್ತೇನಂತೆ, ನನಗೇ ಗೊತ್ತಿರಲಿಲ್ಲ. ಗೆಳತಿಯರ ಹತ್ತಿರ ಅಮ್ಮನ ಸುದ್ದಿ ಹೇಳುವಾಗ ನಿಮ್ಮ ಮಗಳು ಯಾವ ಸನ್ನೆ ಮಾಡುತ್ತಾಳೋ ಕೇಳಿ. ಏನಂದಳು ಅಂತ ನನಗೂ ಬರೆಯಿರಿ.