ಮುಂಬೈಯಲ್ಲಿ ಎರಡೇ ದಿನ ಇದ್ದರೆ ದೇವಸ್ಥಾನ, ದರ್ಗಾ, ಚರ್ಚು ಎಲ್ಲ ನೋಡುವುದು ಹೇಗೆ?

ವಯಸ್ಸಾದ ಅಪ್ಪ ಅಮ್ಮನ ಜೊತೆ ಬರುತ್ತಿದ್ದೇವೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಅದಕ್ಕಿಂತ ಮೊದಲು, ಯಾವ ವಾರ ಬರುತ್ತೀರಿ ಅಂತ ನೋಡಿಕೊಳ್ಳಿ. ಈ ಊರಲ್ಲಿ ಒಂದೊಂದು ದೇವರಿಗೂ ಒಂದೊಂದು ವಾರ ಇದೆ, ರಶ್ಶೂ ಅದರಂತೆಯೇ. ನನ್ನ ಮಾತು ಕೇಳುವುದಾದರೆ ಬುಧವಾರ, ಗುರುವಾರ ಇಟ್ಟುಕೊಳ್ಳಿ.

ಮಂಗಳವಾರ ಪ್ರಭಾದೇವಿಯ ಸಿದ್ಧಿವಿನಾಯಕನದು. 1801ರಲ್ಲಿ ಕಟ್ಟಿಸಿದ ಚಿಕ್ಕ ಗುಡಿ ಅದು, ಈಗ ಬೆಳೆದು ಎಲ್ಲಿಗೋ ಹೋಗಿದೆ; ಒಳಗಿರುವವನು ಬಲಮುರಿ ಗಣಪ. ಮಂಗಳವಾರವೇ ಸಂಕಷ್ಟಿ ಬಿತ್ತೋ, ಹಿಂದಿನ ರಾತ್ರಿಯೇ ಸಾಲು ಶುರು. ಹಿರಿಯರಿದ್ದರೆ ಆ ದಿನ ಬೇಡವೇ ಬೇಡ. ಬುಧವಾರ ಬೆಳಿಗ್ಗೆ ಬೇಗ ಮುಗಿಸಿಬಿಡಿ. ಮೆಟ್ರೋ 3ರಲ್ಲಿ ಈಗ ಸಿದ್ಧಿವಿನಾಯಕ ಅಂತಲೇ ನಿಲ್ದಾಣ ಇದೆ. ಚಡ್ಡಿ, ಹರಿದ ಜೀನ್ಸ್ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ.

ಬುಧವಾರ ಅಂದದ್ದು ಮಾಹಿಮ್‌ಗಾಗಿ. ಅಲ್ಲಿನ ಸೇಂಟ್ ಮೈಕಲ್ ಚರ್ಚಿನಲ್ಲಿ 1948ರಿಂದ ಪ್ರತಿ ಬುಧವಾರ ನೊವೆನಾ ಅನ್ನುವ ವಿಶೇಷ ಪ್ರಾರ್ಥನೆ ನಡೆಯುತ್ತದೆ, ಬೆಳಿಗ್ಗೆಯಿಂದ ರಾತ್ರಿಯವರೆಗೆ, ಬೇರೆ ಬೇರೆ ಭಾಷೆಗಳಲ್ಲಿ. ಇಲ್ಲಿ ಮಾತ್ರ ರಶ್ಶಿಗೆ ಹೆದರಿ ತಪ್ಪಿಸಿಕೊಳ್ಳಬೇಡಿ, ರಶ್ಶನ್ನೇ ನೋಡಬೇಕು. ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು ಎಲ್ಲರೂ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಹೊರಗೆ ಮೇಣದಲ್ಲಿ ಮಾಡಿದ ಮನೆ, ಮಗು, ಕೈ, ಕಾಲು ಮಾರುತ್ತಾರೆ. ಏನು ಬೇಕೋ ಅದನ್ನು ಒಪ್ಪಿಸುವುದು. ನಮ್ಮ ಕಡೆ ಬೆಳ್ಳಿಯ ಕಣ್ಣು ಹರಕೆ ಹಾಕುವುದನ್ನು ಕಂಡ ನಿಮ್ಮ ಅಮ್ಮನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲೇ ಮಖ್ದೂಮ್ ಅಲಿ ಮಾಹಿಮಿ ದರ್ಗಾ. ಉರುಸಿನಲ್ಲಿ ಮುಂಬೈ ಪೊಲೀಸರು ಮೆರವಣಿಗೆಯಲ್ಲಿ ಬಂದು ಚಾದರ ಹೊದಿಸುವುದು ಇಲ್ಲಿನ ಹಳೆಯ ವಾಡಿಕೆ. ಹೊತ್ತು ಉಳಿದರೆ ಬಾಂದ್ರಾದ ಮೌಂಟ್ ಮೇರಿ ಚರ್ಚು. ಗುಡ್ಡದ ಮೇಲಿದ್ದರೂ ಬಾಗಿಲವರೆಗೆ ಗಾಡಿ ಹೋಗುತ್ತದೆ. ಬಾಂದ್ರಾದಿಂದ ದಕ್ಷಿಣಕ್ಕೆ ಆಟೋ ಓಡುವುದಿಲ್ಲ, ಟ್ಯಾಕ್ಸಿಯೇ ಗತಿ.

ಗುರುವಾರ ಮಹಾಲಕ್ಷ್ಮಿ ದೇವಸ್ಥಾನ, ಹಾಜಿ ಅಲಿ ದರ್ಗಾ. ಎರಡೂ ಹತ್ತಿರ ಹತ್ತಿರ, ಎರಡಕ್ಕೂ ಕಡಲೇ ನೆರೆ. ಕಡಲಿಗೆ ಕಟ್ಟಿದ ಒಡ್ಡು ಕುಸಿಯುತ್ತಲೇ ಇದ್ದಾಗ ದೇವಿ ಎಂಜಿನಿಯರನ ಕನಸಿಗೆ ಬಂದು, ನನ್ನನ್ನು ನೀರಿನಿಂದ ಮೇಲೆತ್ತು ಅಂದಳಂತೆ. ಮಹಾಲಕ್ಷ್ಮಿ, ಮಹಾಕಾಳಿ, ಮಹಾಸರಸ್ವತಿ ಮೂವರೂ ಹೀಗೆ ಸಿಕ್ಕರು ಅನ್ನುವುದು ಇಲ್ಲಿನ ಐತಿಹ್ಯ. ಮೆಟ್ಟಿಲುಗಳಿವೆ, ಅಪ್ಪನ ಮಂಡಿ ನೋಡಿಕೊಳ್ಳಿ. ಹಾಜಿ ಅಲಿಗೆ ಕಡಲ ನಡುವಿನ ದಾರಿಯಲ್ಲಿ ನಡೆದೇ ಹೋಗಬೇಕು, ಉಬ್ಬರ ಜೋರಾದರೆ ಆ ದಾರಿ ಮುಳುಗುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಉಬ್ಬರವಿಳಿತದ ಸಮಯ ನೋಡಿ, ಯಾವುದು ಮೊದಲು ಅಂತ ತೀರ್ಮಾನಿಸಿ. ಗುರುವಾರ, ಶುಕ್ರವಾರ ಅಲ್ಲಿ ಜನ ಜಾಸ್ತಿ, ಬೆಳಿಗ್ಗೆಯೇ ವಾಸಿ. ಗೋರಿ ಇರುವ ಒಳಕೋಣೆಗೆ ಹೆಂಗಸರನ್ನು ಬಿಡುತ್ತಿರಲಿಲ್ಲ. 2016ರಲ್ಲಿ ಹೈಕೋರ್ಟ್ ತೀರ್ಪು ಬಂದ ಮೇಲೆ ಬಿಡುತ್ತಾರೆ.

ಊರಿಗೇ ಹೆಸರು ಕೊಟ್ಟ ಮುಂಬಾದೇವಿಯನ್ನು ಬಿಡಿ ಅಂದರೆ ಕೆಲವರು ನನ್ನ ಮೇಲೆ ಸಿಟ್ಟಾಗಬಹುದು. ಆದರೆ ಝವೇರಿ ಬಜಾರಿನ ಆ ಗಲ್ಲಿಗಳಲ್ಲಿ ಎಪ್ಪತ್ತು ದಾಟಿದವರನ್ನು ನಡೆಸಬೇಡಿ. ಪಾರ್ಸಿಗಳ ಅಗ್ಯಾರಿ ಅಂದರೆ ಅಗ್ನಿ ದೇವಾಲಯದೊಳಗೆ ಬೇರೆಯವರಿಗೆ ಪ್ರವೇಶವಿಲ್ಲ, ಹೊರಗಿನಿಂದ ನೋಡಿ ಬನ್ನಿ. ಕಾಲಾಘೋಡಾದಲ್ಲಿ 1884ರ ನೀಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ, ಹೋಗುವುದಾದರೆ ಗುರುತಿನ ಚೀಟಿ ಜೊತೆಗಿರಲಿ.

ಊಟಕ್ಕೆ ಮಾಟುಂಗಾ. ಇಡ್ಲಿ, ರಸಂ, ಬಾಳೆಲೆ ಎಲ್ಲ ಸಿಗುತ್ತದೆ, ಕನ್ನಡ ಮಾತೂ ಕಿವಿಗೆ ಬೀಳುತ್ತದೆ. ಲೋಕಲ್ ರೈಲಿನಲ್ಲಿ ಬಂದರೆ ಸೆಂಟ್ರಲ್ ಲೈನಿನ ಮಾಟುಂಗಾದಲ್ಲೇ ಇಳಿಯಿರಿ. ವೆಸ್ಟರ್ನ್ ಲೈನಿನ ಮಾಟುಂಗಾ ರೋಡ್ ಬೇರೆ ಸ್ಟೇಷನ್, ಅಲ್ಲಿ ಇಳಿದರೆ ಉದ್ದನೆಯ ಸೇತುವೆ ಹತ್ತಿ ಈಚೆಗೆ ಬರಬೇಕಾಗುತ್ತದೆ.