ಅರ್ಜಿ ತಮ್ಮನ ಹೆಂಡತಿಯ ಹೆಸರಿನಲ್ಲಿರಲಿ

ಅಣ್ಣಾ, ಗಂಗಾವತಿ ಕಡೆ ಚಿರತೆ ದಾಳಿಯಲ್ಲಿ ತೀರಿಕೊಂಡ ತಮ್ಮನ ಪರಿಹಾರಕ್ಕೆ ವಕೀಲರಿಡಲು ಹಣವಿಲ್ಲ, ಮಧ್ಯವರ್ತಿಯೊಬ್ಬ ಪಾಲು ಕೇಳುತ್ತಿದ್ದಾನೆ ಎಂದಿದ್ದೀರಿ. ಅವನಿಗೆ ಬಿಡಿಗಾಸೂ ಕೊಡಬೇಡಿ. ಖಾಲಿ ಹಾಳೆಗೆ ಸಹಿಯಂತೂ ಬೇಡವೇ ಬೇಡ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಹಾಗಾಗಿ ನೀವಲ್ಲ, ತಮ್ಮನ ಹೆಂಡತಿಯೇ ಅರ್ಜಿ ಹಾಕಲಿ. ಗಂಗಾವತಿ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ, ಇಲ್ಲವೇ ಕೊಪ್ಪಳದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ. ಸಹಾಯವಾಣಿ 15100.

ಇಂಥ ಪ್ರಕರಣ ಹೆಚ್ಚಾಗಿ ಎಡವುವುದು ಕಾಗದದಲ್ಲಿ. ಪ್ರಾಣಿಯಿಂದ ಸಾವಾದರೆ ಪೊಲೀಸರು ಶವ ಪಂಚನಾಮೆ ಮಾಡಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಅದನ್ನೇ ಹೇಳುತ್ತದೆ. ಆ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಅರಣ್ಯದವರ ಮಹಜರು, ನಾಡಕಚೇರಿಯ ವಂಶವೃಕ್ಷ ಇವಿಷ್ಟನ್ನು ಒಟ್ಟು ಮಾಡಿ. ವರದಿಯಲ್ಲಿ ಸಾವಿನ ಕಾರಣ ಹೇಗೆ ಬರೆದಿದ್ದಾರೆಂದು ಓದಿಸಿಕೊಳ್ಳಿ. ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಬರೆದುಕೊಡಿ ಎನ್ನಿ. ಆ ಹಿಂಬರಹವಿದ್ದರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವುದು ಸುಲಭ. ಅಲ್ಲಿಯೂ ಉಚಿತ ವಕೀಲರನ್ನು ಕೇಳಬಹುದು.