ಕೊರಿಯಾದ ಸ್ಟಾರ್‌ಗಳ ಆತ್ಮಹತ್ಯೆಗೆ ಬರೀ ಟ್ರೋಲ್‌ಗಳೇ ಕಾರಣನಾ?

ಟ್ರೋಲ್ ಒಂದೇ ಅಂದ್ರೆ ತಪ್ಪಾಗುತ್ತೆ, ಯಾರ ಸಾವಿಗೂ ಇದೇ ಕಾರಣ ಅಂತ ಹೊರಗಿನವ್ರು ಬೊಟ್ಟು ಮಾಡಿ ಹೇಳೋಕೂ ಆಗಲ್ಲ. ಆದ್ರೆ ಪೊಲೀಸು, ಮೀಡಿಯಾ ಸೇರಿ ಒಬ್ಬ ಮನುಷ್ಯನನ್ನ ಹೆಂಗೆ ಹಿಂಡ್ತಾರೆ ಅಂತ ತಿಳೀಬೇಕಾದ್ರೆ ಲೀ ಸನ್-ಕ್ಯೂನ್ ಕೇಸ್ ನೋಡಿ, 'ಪ್ಯಾರಸೈಟ್' ಸಿನಿಮಾದಲ್ಲಿ ಶ್ರೀಮಂತರ ಮನೆ ಯಜಮಾನ ಆಗಿದ್ರಲ್ಲ ಅವ್ರೇ. 2023ರಲ್ಲಿ ಡ್ರಗ್ಸ್ ಆರೋಪ ಬಂತು, ಟೆಸ್ಟ್ ನೆಗೆಟಿವ್, ಆದ್ರೂ ಮೂರು ಸಲ ವಿಚಾರಣೆಗೆ ಕರೆದಾಗ್ಲೂ ಕ್ಯಾಮೆರಾ ಸಾಲಿನ ಮುಂದೇನೇ ನಡ್ಕೊಂಡು ಹೋಗ್ಬೇಕಾಯ್ತು, ಕೊನೇ ವಿಚಾರಣೆಯಂತೂ ಸುಮಾರು 19 ಗಂಟೆ ನಡೀತು, ಮಧ್ಯದಲ್ಲಿ ಅವ್ರ ಪರ್ಸನಲ್ ಫೋನ್ ಮಾತುಕತೆ ಬೇರೆ ಟಿವಿ ನ್ಯೂಸಲ್ಲಿ ಬಂತು (ಅದ್ರಿಂದ ಜನಕ್ಕೇನು ಉಪಯೋಗವೋ ದೇವ್ರೇ ಬಲ್ಲ). ಡಿಸೆಂಬರ್ 27ಕ್ಕೆ ತೀರ್ಕೊಂಡ್ರು.

ಇನ್ನು ಫ್ಯಾನ್ಸ್ ಕಥೆ ಬೇರೆ. ಐಡಲ್ (ಕೊರಿಯಾದ ಪಾಪ್ ಗುಂಪುಗಳ ಸ್ಟಾರ್) ಅಂದ್ರೆ ಯಾರ ಜೊತೆಗೂ ಪ್ರೀತಿ-ಗೀತಿ ಇಲ್ಲದೆ ನಮಗೋಸ್ಕರಾನೇ ಇರ್ಬೇಕು ಅನ್ನೋ ಭ್ರಮೇನ ಬೆಳೆಸಿ ದುಡ್ಡು ಮಾಡಿದ್ದೇ ಅವ್ರನ್ನ ನಡೆಸೋ ಏಜೆನ್ಸಿಗಳು. 2024ರಲ್ಲಿ ಏಸ್ಪಾ ಅನ್ನೋ ಪಾಪ್ ಗುಂಪಿನ ಗಾಯಕಿ ಕರೀನಾ ಡೇಟಿಂಗ್ ಸುದ್ದಿ ಹೊರಬಿದ್ದಾಗ ಫ್ಯಾನ್ಸು ಪ್ರತಿಭಟನೆಗೆ ಅಂತ ಎಲ್‌ಇಡಿ ಬೋರ್ಡ್ ಹಾಕಿದ ಟ್ರಕ್ಕನ್ನ ಅವಳ ಏಜೆನ್ಸಿ ಆಫೀಸ್ ಮುಂದೆ ತಂದು ನಿಲ್ಲಿಸಿದ್ರು, ಆ ಹುಡುಗಿ ಕೈಯಾರೆ ಪತ್ರ ಬರೆದು ಕ್ಷಮೆ ಕೇಳಿದ್ಲು. ಯಾವ ತಪ್ಪಿಗೆ?

ಏನೂ ಬದಲಾಗಿಲ್ಲ ಅಂತಲ್ಲ. 2019ರ ಅಕ್ಟೋಬರ್‌ನಲ್ಲಿ ಗಾಯಕಿ-ನಟಿ ಸಲ್ಲಿ ತೀರ್ಕೊಂಡ್ಮೇಲೆ ಕೊರಿಯಾದ ದೌಮ್ ಅನ್ನೋ ವೆಬ್ ಪೋರ್ಟಲ್ ಸಿನಿಮಾ-ಟಿವಿ ಸುದ್ದಿ ಕೆಳಗಿನ ಕಾಮೆಂಟ್ ಮುಚ್ತು, 2020ರಲ್ಲಿ ಇನ್ನೊಂದು ಪೋರ್ಟಲ್ ನೇವರ್ ಕೂಡ. ಆದ್ರೆ ಆ ವಿಷ ಎಲ್ಲಾ ಯೂಟ್ಯೂಬ್‌ಗೆ ಹರೀತು, ಹೆಸರು ಮುಚ್ಕೊಂಡು ಗಾಸಿಪ್ ವಿಡಿಯೋ ಮಾಡೋ ಒಬ್ರು ಯಾರು ಅಂತ ಗೂಗಲ್‌ನಿಂದ ತಿಳ್ಕೊಳ್ಳೋಕೆ ಗಾಯಕಿ ಜಾಂಗ್ ವೊನ್-ಯಂಗ್ ಕಡೆಯವ್ರು ಅಮೆರಿಕದ ಕೋರ್ಟಿಗೇ ಹೋಗ್ಬೇಕಾಯ್ತು.